ಗಡಿಗೆಗುಡ್ಡಕ್ಕೆ ಉಪ್ಪು

ಬೊಬ್ರುವಾಡ, ಅಂಕೋಲಾ
12 ಜನವರಿ 2026

ಪ್ರೀತಿಯ ವಿನುತಾ,

ಫೋನು ಎತ್ತುವುದಿಲ್ಲ. ವಾಟ್ಸಾಪಿನಲ್ಲಿ ಬ್ಲಾಕ್ ಮಾಡಿದ್ದೀಯ. ಮೊನ್ನೆ ಕಾರವಾರದ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡಕೂಡಲೇ ಕಬ್ಬಿನಹಾಲಿನ ಗಾಡಿಯ ಹಿಂದೆ ಹೋಗಿ ನಿಂತೆ. ಅಷ್ಟು ಅಗಲದ ಹಳದಿ ಸೀರೆ ಉಟ್ಟು ಅಡಗಿ ನಿಲ್ಲುವವರು ಯಾರಾದರೂ ಇದ್ದಾರಾ ಮಾರಾಯ್ತಿ? ಅಂಚೆಯವನನ್ನು ಬ್ಲಾಕ್ ಮಾಡಲು ಬರುವುದಿಲ್ಲವಲ್ಲ, ಅದಕ್ಕೇ ಈ ಕಾಗದ.

ಸುದ್ದಿ ದೊಡ್ಡದು, ಹೇಳದೆ ಇದ್ದರೆ ನನಗೆ ನಿದ್ದೆ ಬರುವುದಿಲ್ಲ. ಗಡಿಗೆಗುಡ್ಡದ ಬುಡದಲ್ಲಿ ಸ್ಥಳದ ಕತೆ ಹೇಳುವ ಕಲ್ಲಿನ ಫಲಕ ನಿಲ್ಲಿಸುತ್ತಾರಂತೆ. ಬರೆದುಕೊಡುವ ಕೆಲಸ ನನಗೆ ಬಿದ್ದಿದೆ. ಪ್ರೈಮರಿ ಶಾಲೆಯ ಟೀಚರ್, ಅಕ್ಷರ ದುಂಡಗಿದೆ ಎನ್ನುವುದು ಬಿಟ್ಟರೆ ಬೇರೆ ಯೋಗ್ಯತೆ ಇಲ್ಲ. ಆದರೂ ಒಂದು ತಿಂಗಳಿಂದ ನೋಟ್‌ಬುಕ್ ಹಿಡಿದು ಮನೆಮನೆ ತಿರುಗುತ್ತಿದ್ದೇನೆ. ಪೂಜೆಯ ಸುಬ್ರಾಯ ಭಟ್ಟರು ಒಂದು ರಾಕ್ಷಸನನ್ನು ತಂದು ಸೇರಿಸಿದರು. ಮಾರನೆಯ ದಿನ ಅವರ ಹೆಂಡತಿ ಪರಮೇಶ್ವರಿ ಅಮ್ಮ ನನ್ನನ್ನು ಕರೆದು, "ರಾಕ್ಷಸ ಗೀಕ್ಷಸ ಎಂತದೂ ಇಲ್ಲ, ಅಕ್ಕ ತಂಗಿ ಜಗಳ ಅಷ್ಟೇಯ. ನೀ ಅದನ್ನೇ ಬರಿ" ಎಂದರು. ನಾನು ಅವರ ಮಾತನ್ನೇ ಹಿಡಿದೆ. ಇಷ್ಟು ಬರೆದಾಗಿದೆ, ಓದು, ತಪ್ಪಿದ್ದರೆ ಹೇಳು:

"ಗುಡ್ಡದಮ್ಮ ಅಕ್ಕ, ದಂಡೆಯಮ್ಮ ತಂಗಿ. ಇಬ್ಬರೂ ಸಮುದ್ರದ ಬದಿಗೆ ಒಂದೇ ಮನೆಯಲ್ಲಿದ್ದರು. ಒಮ್ಮೆ ದೂರದಿಂದ ಅಣ್ಣ ಊಟಕ್ಕೆ ಬಂದ. ಅಕ್ಕ ಸಾರಿಗೆ ಉಪ್ಪು ಹಾಕಿದ್ದು ತಂಗಿಗೆ ತಿಳಿಯದು, ತಂಗಿ ಇನ್ನೊಮ್ಮೆ ಹಾಕಿದಳು. ಅಣ್ಣ ಒಂದು ತುತ್ತಿಗೇ ಎದ್ದು ಹೋದ. ನೀನು ಹೇಳಬೇಕಿತ್ತು, ನೀನು ಕೇಳಬೇಕಿತ್ತು ಎಂದು ಜಗಳವಾಯಿತು. ನಿನ್ನ ಉಪ್ಪಿನ ಋಣವೇ ಬೇಡವೆಂದು ಅಕ್ಕ ಗುಡ್ಡ ಹತ್ತಿ, ಸಮುದ್ರಕ್ಕೆ ಬೆನ್ನು ಹಾಕಿ ಕುಳಿತಳು. ಅಂದಿನಿಂದ ಅವಳ ನೈವೇದ್ಯ ವರ್ಷವಿಡೀ ಸಪ್ಪೆ. ಚೈತ್ರದ ಹುಣ್ಣಿಮೆಯಂದು ಮಾತ್ರ ತಂಗಿ ಕಳಿಸುವ ಹೊಸ ಉಪ್ಪು ಮೇಲೇರುತ್ತದೆ. ದಂಡೆಯ ಊರಿನವಳೊಬ್ಬಳು, ಗುಡ್ಡದ ಬುಡದ ಊರಿನ ಮಗಳೊಬ್ಬಳು ಸರದಿಯಲ್ಲಿ ಗಡಿಗೆ ಹೊರುತ್ತಾರೆ. ಗಡಿಗೆ ನೆಲ ಮುಟ್ಟಬಾರದು. ಅಕ್ಕತಂಗಿಯರು ಮಾತು ಬಿಟ್ಟಿರುವುದರಿಂದ ಹತ್ತುವಾಗ ಇಬ್ಬರೂ ಮಾತಾಡಬಾರದು. ಉಪ್ಪು ಮುಟ್ಟಿಸಿ ಇಳಿಯುವಾಗ ಮಾತಾಡಲೇಬೇಕು."

ಹೇಗಿದೆ? ನೆನಪಿದೆಯಾ, ಮೊದಲ ವರ್ಷ ಇಳಿಯುವಾಗ ದಂಡೆಯ ಊರಿನ ನನಗೂ ಬುಡದ ಊರಿನ ಮಗಳಾದ ನಿನಗೂ ಒಬ್ಬರಿಗೊಬ್ಬರ ಹೆಸರೂ ಸರಿಯಾಗಿ ಗೊತ್ತಿರಲಿಲ್ಲ. ಮಾತಾಡಲೇಬೇಕಲ್ಲ ಎಂದು ನೀನು ಬುಡದವರೆಗೂ ಬಂಗಡೆ ಸಾರು ಮಾಡುವುದು ಹೇಗೆ ಅಂತ ಹೇಳಿದೆ. ಹಾಗೆ ಶುರುವಾದದ್ದು ಹನ್ನೊಂದು ವರ್ಷ ನಡೆಯಿತು.

ಈಗ ವಿಷಯಕ್ಕೆ ಬರುತ್ತೇನೆ. ಹೋದ ವರ್ಷ ನಾವು ಹೋಗಲಿಲ್ಲ. ಎರಡು ಸಲ ತಪ್ಪಿದ ಜೋಡಿಯನ್ನು ಬಿಡಿಸಿ ಬೇರೆ ಜೋಡಿ ಮಾಡುವುದು ಪದ್ಧತಿ. ಯುಗಾದಿಯ ದಿನ ಹೆಸರು ಬರೆಯುತ್ತೇವೆ ಎಂದು ಕಮಿಟಿಯ ನಿತೇಶ ಹೇಳಿ ಹೋಗಿದ್ದಾನೆ. ಬುಡದ ಊರಿನಿಂದಲೇ ಮದುವೆಯಾಗಿ ಬಂದ ನನ್ನ ಓರಗಿತ್ತಿ ರಂಜನಾ ಈಗಲೇ ಹೊಸ ಸೀರೆ ನೋಡಿಟ್ಟುಕೊಂಡಿದ್ದಾಳೆ. ಅವಳು ಒಳ್ಳೆಯವಳೇ, ಆದರೆ ಅವಳ ಜೊತೆ ಇಳಿಯುತ್ತಾ ನಾನು ಏನು ಮಾತಾಡಲಿ? ದಿನವೂ ಮನೆಯಲ್ಲಿ ಮಾತಾಡುತ್ತೇನಲ್ಲ.

ಈ ವರ್ಷ ಹುಣ್ಣಿಮೆ ಏಪ್ರಿಲ್ ಎರಡಕ್ಕೆ. ಬಾ. ಆ ವಿಷಯ ನಾನು ಬರೆಯುವುದಿಲ್ಲ, ನೀನೂ ಬರೆಯಬೇಡ. ಬರುತ್ತೇನೆ ಅಂತ ಒಂದೇ ಸಾಲು ಹಾಕು.

ನಿನ್ನ,
ವೈಜೂ


ಕದ್ವಾಡ, ಕಾರವಾರ
9 ಫೆಬ್ರವರಿ 2026

ಶ್ರೀಮತಿ ವೈಜಯಂತಿ ಅವರಿಗೆ,

ನಮಸ್ಕಾರ. ನಿಮ್ಮ ಪತ್ರ ತಲುಪಿತು.

ನೀವು ಬರೆಯುವುದಿಲ್ಲ ಎಂದಿರಿ, ಹಾಗಾಗಿ ನಾನೇ ಬರೆಯುತ್ತೇನೆ. 2024ರ ಏಪ್ರಿಲ್ 23. ಗುಡ್ಡದ ಅರ್ಧ ದಾರಿಗೆ, ಆನೆಬಂಡೆಯ ತಿರುವಿನಲ್ಲಿ ಗಡಿಗೆ ನನ್ನ ತಲೆಯ ಮೇಲಿತ್ತು, ನನ್ನ ಫೋನು ನಿಮ್ಮ ಚೀಲದಲ್ಲಿತ್ತು. ಎಂಟು ಹತ್ತಕ್ಕೆ ನನ್ನ ತಮ್ಮ ಸಂದೀಪನ ಮೆಸೇಜು ಬಂತು: ಆಯಿಗೆ ಸೀರಿಯಸ್, ಆಸ್ಪತ್ರೆಗೆ ತಂದಿದ್ದೇವೆ, ಕೂಡಲೇ ಬಾ. ನೀವು ಓದಿದಿರಿ. ಓದಿ, ಫೋನು ಒಳಗಿಟ್ಟು, ಐವತ್ತು ನಿಮಿಷ ನನ್ನ ಪಕ್ಕದಲ್ಲೇ ನಡೆದಿರಿ. ಉಪ್ಪು ಒಪ್ಪಿಸಿ, ಆರತಿ ಮುಗಿಸಿ, ಒಂಬತ್ತೂ ಕಾಲಿಗೆ ಹೇಳಿದಿರಿ. ನನ್ನನ್ನು ಹೆತ್ತ ಆಯಿ ಒಂಬತ್ತು ನಲವತ್ತಕ್ಕೆ ಹೋದಳು. ನಾನು ಕಾರವಾರದ ಆಸ್ಪತ್ರೆ ಮುಟ್ಟುವಾಗ ಹತ್ತು ಐವತ್ತು.

ನಿಮ್ಮ ಫಲಕಕ್ಕೆ ಬೇಕಾದರೆ ಇದನ್ನೂ ಸೇರಿಸಿ.

ಚೈತ್ರ ಹುಣ್ಣಿಮೆ ಈಗ ನಮಗೆ ಆಯಿಯ ತಿಥಿ. ಶಿರವಾಡದ ತಮ್ಮನ ಮನೆಯಲ್ಲಿ ಮಧ್ಯಾಹ್ನ ಶ್ರಾದ್ಧ. ರಂಜನಾ ಅವರಿಗೆ ಶುಭವಾಗಲಿ.

ಇತಿ,
ವಿನುತಾ ಜಗದೀಶ


ಬೊಬ್ರುವಾಡ
13 ಫೆಬ್ರವರಿ 2026

ವಿನುತಾ,

"ನೀವು"! ಮೂರು ಸಲ ಓದಿದೆ, ಮೂರು ಸಲವೂ ಆ "ನೀವು" ಕಲ್ಲು ಸಿಕ್ಕಿದ ಅನ್ನದ ಹಾಗೆ ಹಲ್ಲಿಗೆ ಸಿಕ್ಕಿತು. ಸರಿ, ಬರೆದೆಯಲ್ಲ, ಅಷ್ಟೇ ಸಾಕು. ಎರಡು ವರ್ಷದಲ್ಲಿ ನಿನ್ನಿಂದ ಬಂದ ಮೊದಲ ಮಾತು.

ಈಗ ನನ್ನದನ್ನೂ ಕೇಳು. ಆ ತಿರುವಿನಲ್ಲಿ ನನ್ನ ಬಾಯಿ ತೆರೆದಿತ್ತು. ನಿನ್ನ ಹೆಸರಿನ ಮೊದಲ ಅಕ್ಷರ ನಾಲಿಗೆಯ ಮೇಲಿತ್ತು. ಆದರೆ ಗುಡ್ಡದಮ್ಮನ ಎದುರಿಗೆ, ಉಪ್ಪು ತಲೆಯ ಮೇಲಿರುವಾಗ, ನಾನು ಮಾತಾಡಿ ನಿನ್ನ ಆಯಿಗೆ ಏನಾದರೂ ಆಗಿಬಿಟ್ಟರೆ? ನಿಯಮ ಮುರಿದದ್ದರಿಂದಲೇ ಆಯಿತು ಎಂದಾದರೆ? ಉಪ್ಪು ಬೇಗ ಮುಟ್ಟಿಸಿದರೆ ಅಮ್ಮನೇ ಕಾಯುತ್ತಾಳೆ ಎಂದು ಹೆಜ್ಜೆ ಬೀಸಿದೆ. ನಿನಗೆ ನೆನಪಿರಬಹುದು, ಆ ವರ್ಷ ನಾನು ನಿನ್ನನ್ನು ಓಡಿಸಿಕೊಂಡೇ ಹೋದೆ. ಬಾಯಿ ಮುಚ್ಚಿಕೊಂಡು ಐವತ್ತು ನಿಮಿಷ ನಾನು ಬೇಡಿಕೊಂಡಷ್ಟು ನನ್ನ ಸ್ವಂತ ಮಕ್ಕಳಿಗಾಗಿಯೂ ಬೇಡಿಕೊಂಡಿಲ್ಲ.

ನಿಯಮ ನಾನು ಮಾಡಿದ್ದಲ್ಲ. ಅಜ್ಜಿ ಮುತ್ತಜ್ಜಿಯರ ಕಾಲದ್ದು. ನೀನೂ ಅದನ್ನು ನಂಬಿದವಳೇ. ನನ್ನ ಜಾಗದಲ್ಲಿ ನೀನಿದ್ದರೆ ಏನು ಮಾಡುತ್ತಿದ್ದೆ? ಎದೆ ಮುಟ್ಟಿಕೊಂಡು ಹೇಳು.

ವೈಜೂ


ಬೊಬ್ರುವಾಡ
6 ಮಾರ್ಚ್ 2026

ವಿನುತಾ,

ಇದು ಬೇಗ ಬೇಗ ಬರೆಯುತ್ತಿರುವುದು. ಅಕ್ಷರ ದುಂಡಗಿಲ್ಲ, ಬೈಯಬೇಡ.

ನಿನ್ನೆ ಬೀರಿ ಅಜ್ಜಿಯ ಮನೆಗೆ ಹೋಗಿದ್ದೆ. ನಮಗಿಂತ ಎಷ್ಟೋ ಮೊದಲು ಮೂವತ್ತು ವರ್ಷ ಉಪ್ಪು ಹೊತ್ತವಳು. ಎಂಬತ್ತಾರು ವರ್ಷ, ಕಣ್ಣು ಮಬ್ಬು, ಬಾಯಿ ಮಾತ್ರ ಹಾಗೇ ಇದೆ. ಸುಗ್ಗಿ ಹಬ್ಬ ಈಗಷ್ಟೇ ಮುಗಿದದ್ದು. ಅಂಗಳದಲ್ಲಿ ಮೊಮ್ಮಕ್ಕಳು ತಲೆಗೆ ಕಟ್ಟಿದ್ದ ಸುಗ್ಗಿ ತುರಾಯಿ ಬಿಚ್ಚಿ ಇಡುತ್ತಿದ್ದರು, ಒಬ್ಬ ಇನ್ನೂ ಗುಮಟೆ ಬಾರಿಸುತ್ತಲೇ ಇದ್ದ. ನನಗೂ ಉಮೇದು. ಫಲಕದ ಬರಹ ಪೂರ್ತಿ ಓದಿ ಹೇಳಿದೆ. ಜಗಳದ ಭಾಗಕ್ಕೆ ಅಜ್ಜಿ ನಕ್ಕಿದ್ದೇ ನಕ್ಕಿದ್ದು. ಸಪ್ಪೆ ನೈವೇದ್ಯಕ್ಕೆ ತಲೆದೂಗಿದಳು. ಮಾತಾಡಬಾರದು ಎನ್ನುವಲ್ಲಿಗೆ ಬಂದೆ. ಕೈ ಎತ್ತಿ ನಿಲ್ಲಿಸಿದಳು.

"ಅದ ಯಾರೇ ಹೇಳ್ದರು ನಿಂಗೆ?"

"ಎಲ್ರೂ ಹೇಳ್ತರಲ್ಲ ಅಜ್ಜಿ. ಅಕ್ಕ ತಂಗಿಗೆ ಮಾತಿಲ್ಲ, ಅದ್ಕೇಯ."

"ಎಂತಾ ಅಕ್ಕ ತಂಗೀನೆ! ಬಾಯಿ ಮುಚ್ಕಂಡಿ ಹತ್ರಿ ಅಂದಿ ನಮ್ಮವ್ವಿ ಹೇಳ್ತಿದಳು. ಏರು ಎಷ್ಟಿದೆ ನೋಡಿದ್ಯಾ? ಮಾತಾಡ್ತೆ ಹತ್ತರೆ ದಮ್ಮು ಸಾಲೂದಿಲ್ಲ, ಕಾಲು ಜಾರ್ತದೆ, ಉಪ್ಪು ಚೆಲ್ತದೆ. ಅದ್ಕೆ. ದೇವ್ರಿಗೂ ಅದ್ಕೂ ಎಂತಾ ಸಂಬಂಧ? ನಾನೂ ನನ್ನ ಜೊತೆಗಾರ್ತಿಯೂ ಬಂಡೆ ಹತ್ರ ಗಡಿಗೆ ತೊಡೆ ಮೇಲಿಟ್ಕಂಡಿ ಕೂತು, ಎಲೆ ಅಡ್ಕೆ ಕವಳ ಹಾಕಿ ಊರಿನ ಸುದ್ದಿಯೆಲ್ಲ ಮಾತಾಡಿಯೇ ಮುಂದೆ ಹೋಗೂದು."

ಮೊದಲು ನನಗೆ ಖುಷಿಯಾಯಿತು, ವಿನುತಾ. ನಾಚಿಕೆಗೆಟ್ಟು ಹೇಳುತ್ತೇನೆ, ಕುಣಿಯುವಷ್ಟು ಖುಷಿಯಾಯಿತು. ಯಾರಿಗೂ ಗೊತ್ತಿಲ್ಲದ್ದು ನನಗೆ ಸಿಕ್ಕಿತಲ್ಲ ಎಂದು ನೋಟ್‌ಬುಕ್ಕಿನಲ್ಲಿ ಆ ಸಾಲನ್ನು ಹೊಡೆದು ಹಾಕಿ ಹೊಸದು ಬರೆದೆ. ಅಜ್ಜಿಯ ಮನೆಯಿಂದ ಗದ್ದೆಯ ಬದುವಿನ ಮೇಲೆ ಅರ್ಧ ದಾರಿ ಬಂದ ಮೇಲೆ ಕಾಲು ನಿಂತುಬಿಟ್ಟಿತು.

ಏದುಸಿರು ಬರಬಾರದು ಎಂದು ಯಾರೋ ಒಬ್ಬ ತಾಯಿ ತನ್ನ ಮಗಳಿಗೆ ಹೇಳಿದ ಬುದ್ಧಿಮಾತು ಅದು. ಅಷ್ಟೇ. ಅದಕ್ಕಾಗಿ ನಾನು ನಿನಗೆ ಹೇಳಲಿಲ್ಲ. ಎರಡು ವರ್ಷ ಎಲ್ಲವನ್ನೂ ಗುಡ್ಡದಮ್ಮನ ಮೇಲೆ ಹಾಕಿ ನಾನು ನಿದ್ದೆ ಮಾಡಿದೆ. ಅವಳು ಕೇಳಿಯೇ ಇರಲಿಲ್ಲ.

ಇದನ್ನು ನಿನಗೆ ಬರೆಯದೆ ಇದ್ದರೆ ನಡೆಯುತ್ತಿತ್ತು. ಬೀರಿ ಅಜ್ಜಿ ಕದ್ವಾಡಕ್ಕೆ ಬಂದು ಹೇಳುವವಳಲ್ಲ. ನಿನ್ನ ಎದುರಿಗೆ ಇದ್ದ ನನ್ನ ಒಂದೇ ಒಂದು ನೆಪವೂ ಹೋಯಿತು ಎಂದು ಬಾಯಿ ಮುಚ್ಚಿಕೊಂಡು ಇರಬಹುದಿತ್ತು. ಆದರೆ ಒಮ್ಮೆ ಮುಚ್ಚಿಕೊಂಡು ಸಾಕಾಗಿದೆ. ತಪ್ಪು ನನ್ನದು. ಬರುತ್ತೀಯಾ ಎಂದು ಇನ್ನು ಕೇಳುವುದಿಲ್ಲ.

ವೈಜಯಂತಿ


ಕದ್ವಾಡ
14 ಮಾರ್ಚ್ 2026

ವೈಜೂ,

ಕಾಗದ ಬಂದ ದಿನ ಆಫೀಸಿನಲ್ಲಿ ಒಂದು ಫೈಲೂ ಮುಂದೆ ಹೋಗಲಿಲ್ಲ. ಅದನ್ನು ಓದಿ ನಿನ್ನನ್ನು ಬೈಯಬೇಕು ಎಂದುಕೊಂಡೆ. ಬೈಗಳನ್ನೂ ಹೊಂದಿಸಿದ್ದೆ, ಕೊಂಕಣಿಯಲ್ಲಿ, ನಿನಗೆ ಅರ್ಥವಾಗದಿದ್ದರೂ ಸದ್ದಿನಿಂದಲೇ ತಿಳಿಯುವಂಥವು. ಬರೆಯಲು ಕೂತರೆ ಬೇರೆಯೇ ಬರುತ್ತಿದೆ.

ನಿನ್ನ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿದ್ದೆಯಲ್ಲ. ನನ್ನ ಜಾಗದಲ್ಲಿ ನಾನು ಏನು ಮಾಡಿದೆ ಎನ್ನುವುದನ್ನು ಹೇಳುತ್ತೇನೆ. ಇದನ್ನು ಜಗದೀಶರಿಗೂ ಹೇಳಿಲ್ಲ.

ಆನೆಬಂಡೆಯ ತಿರುವಿನಲ್ಲಿ ಫೋನು ಗುರ್ ಎಂದದ್ದು ನನಗೆ ಕೇಳಿಸಿತು. ನೀನು ತೆಗೆದು ನೋಡಿದ್ದನ್ನು ಕಂಡೆ. ನಿನ್ನ ಮುಖ ಕಂಡೆ. ಹನ್ನೊಂದು ವರ್ಷ ನೋಡಿದ ಮುಖ ವೈಜೂ, ಅದು ಸುಳ್ಳು ಹೇಳಲು ಕಲಿತಿಲ್ಲ. ಆಯಿಗೆ ಹಿಂದಿನ ದಿನದಿಂದ ಎದೆನೋವಿತ್ತು. ಬೆಳಿಗ್ಗೆ ನಾನು ಹೊರಡುವಾಗ, "ಹೋಗಿ ಬಾ, ಉಪ್ಪು ತಪ್ಪಿಸಬೇಡ" ಎಂದು ಅವಳೇ ಕಳಿಸಿದ್ದಳು. ನಿನ್ನ ಮುಖ ನೋಡಿದಾಗಲೇ ನನಗೆ ಗೊತ್ತಾಯಿತು.

ಏನು ಅಂತ ಕೇಳಿದ್ದರೆ ನೀನು ಹೇಳಿಬಿಡುತ್ತಿದ್ದೆ. ಒಂದೇ ಮಾತು. ನಾನು ಕೇಳಲಿಲ್ಲ. ನಿಯಮ ಅಂತ ಸುಮ್ಮನಿದ್ದೆ. ಅದಕ್ಕಿಂತ ಹೆಚ್ಚಾಗಿ, ಕೇಳದೆ ಇದ್ದರೆ ಅದು ನಿಜವಾಗುವುದಿಲ್ಲ ಎಂದು ಸುಮ್ಮನಿದ್ದೆ. ಎರಡು ವರ್ಷ ನಿನ್ನ ಮೇಲೆ ಹಾಕಿ ನಾನೂ ನಿದ್ದೆ ಮಾಡಿದ್ದೇನೆ.

ನೀನು ಹೇಳಬೇಕಿತ್ತು. ನಾನು ಕೇಳಬೇಕಿತ್ತು. ನಿನ್ನ ಫಲಕ ಓದಿದ ದಿನವೇ ಆ ಸಾಲು ಚುಚ್ಚಿತ್ತು, ಅದಕ್ಕೇ ಅಷ್ಟು ಒರಟಾಗಿ ಬರೆದೆ.

ನಿತೇಶನಿಗೆ ಹೇಳು, ಜೋಡಿ ಬಿಡಿಸುವುದು ಬೇಡ. ಸಂದೀಪನಿಗೆ ತಿಳಿಸಿದ್ದೇನೆ, ಶ್ರಾದ್ಧಕ್ಕೆ ಹನ್ನೆರಡರ ಒಳಗೆ ಮುಟ್ಟಿದರಾಯಿತು. ನನ್ನದು ಒಂದೇ ಷರತ್ತು: ಈ ಸಲ ಮಾತಾಡುತ್ತಾ ಹತ್ತುವುದು. ಜನ ಏನಾದರೂ ಅನ್ನಲಿ.

ವಿನುತಾ


ಬೊಬ್ರುವಾಡ
17 ಮಾರ್ಚ್ 2026

ವಿನುತಾ! ವಿನುತಾ! ವಿನುತಾ!

ಕಾಗದವನ್ನು ಅಂಗಳದಲ್ಲೇ ನಿಂತು ಓದಿ ನಾನು ಎಂಥ ಕೂಗು ಹಾಕಿದೆನೆಂದರೆ, ಹಾವು ಬಂತೆಂದು ರಂಜನಾ ಕೋಲು ಹಿಡಿದು ಬಂದಳು. ಅತ್ತೆ, ನಕ್ಕೆ, ಮತ್ತೆ ಅತ್ತೆ. ಒಲೆಯ ಮೇಲಿದ್ದ ಹಾಲು ಉಕ್ಕಿ ಹೋಯಿತು. ಹೋಗಲಿ.

ನಿತೇಶನಿಗೆ ಹೇಳಿದೆ. ಫಲಕದ ಸಾಲು ಬದಲಾಗಿದೆ ಎಂದೂ ಹೇಳಿದೆ. "ಪದ್ಧತಿ ಅಂದ್ರೆ ಪದ್ಧತಿ, ಬೀರಿ ಅಜ್ಜಿಗೆ ಅರಳುಮರಳು" ಎಂದ. "ಮೂವತ್ತು ವರ್ಷ ಹೊತ್ತದ್ದು ಅವಳೋ ನೀನೋ?" ಎಂದೆ. ನಮ್ಮ ಹೆಸರು ಹಾಗೇ ಇಡುತ್ತೇನೆ ಎಂದು ಹೇಳಿ ಹೋದ. ರಂಜನಾಳಿಗೆ ಬೇಸರವಾಗದಿರಲೆಂದು, ನಮ್ಮ ಹಿಂದೆ ಹೂವಿನ ಬುಟ್ಟಿ ಹೊರಲು ಹೇಳಿದ್ದೇನೆ. ಹೊಸ ಸೀರೆ ದಂಡವಾಗಬಾರದಲ್ಲ.

ನಮ್ಮ ಆಗರದಲ್ಲಿ ಹೊಸ ಉಪ್ಪು ಕೂಡುತ್ತಿದೆ. ಈ ಸಲದ್ದು ಬೆಳ್ಳಗೆ, ದಪ್ಪ ಹರಳು. ಬೆಳಿಗ್ಗೆ ಆರಕ್ಕೆ ದಂಡೆಯಮ್ಮನ ಗುಡಿಯ ಮುಂದೆ ಬಾ. ಮುಖ ನೋಡಿದಾಗ ಏನು ಮಾತಾಡಬೇಕೆಂದು ಈಗಿನಿಂದಲೇ ಹೆದರಿಕೆಯಾಗಿದೆ. ಏನೂ ಹೊಳೆಯದಿದ್ದರೆ ಬಂಗಡೆ ಸಾರಿನಿಂದಲೇ ಶುರುಮಾಡು.

ನಿನ್ನ,
ವೈಜೂ


ಕದ್ವಾಡ
5 ಏಪ್ರಿಲ್ 2026

ವೈಜೂ,

ಜೊತೆಯಲ್ಲೇ ಓಡಿದವಳಿಗೆ ಓಡಿದ್ದರ ಬಗ್ಗೆ ಬರೆಯುವುದು ಹುಚ್ಚು. ಆದರೆ ಆಸ್ಪತ್ರೆಯ ಗೇಟಿನಲ್ಲಿ ನೀನು, "ಎಷ್ಟು ನಿಮಿಷ ಆಯ್ತೇ?" ಎಂದು ಕೇಳಿದೆ. ನಾನು, "ಆಮೇಲೆ ಹೇಳ್ತೆ" ಎಂದೆ. ಅದನ್ನು ಹೇಳಲು ಈ ಕಾಗದ.

ಆ ದಿನ ಬುಡದಲ್ಲಿ ಗುಮಟೆ ನಿಂತಿತು, ಎಲ್ಲರೂ ಮೌನವಾದರು, ನೀನು ಗಡಿಗೆ ಹೊತ್ತು ಮೊದಲ ಮೆಟ್ಟಿಲಿನಲ್ಲೇ, "ವಿನುತಾ, ನಿನ್ನ ಮಗಳ ರಿಸಲ್ಟ್ ಎಂತಾಯ್ತೇ?" ಎಂದು ಊರಿಗೆಲ್ಲ ಕೇಳುವಂತೆ ಕೂಗಿದೆ. ಹಿಂದೆ ಗುಸುಗುಸು ಎದ್ದಿತು. ಕುರ್ಚಿಯಲ್ಲಿ ಕೂತಿದ್ದ ಬೀರಿ ಅಜ್ಜಿ ಮಾತ್ರ, "ಮಾತಾಡಿ, ಮಾತಾಡಿ, ದಮ್ಮು ನೋಡ್ಕಂಡಿ" ಎಂದಳು. ಎರಡು ವರ್ಷದ ಮಾತು ಒಟ್ಟಿಗೇ ಬಂತು. ನಾವು ಏನೇನು ಹೇಳಿದೆವು ಎನ್ನುವುದು ನನಗೆ ಅರ್ಧವೂ ನೆನಪಿಲ್ಲ. ನಕ್ಕದ್ದು ನೆನಪಿದೆ.

ಆನೆಬಂಡೆಯ ತಿರುವಿನಲ್ಲಿ ಗಡಿಗೆ ನನ್ನ ತಲೆಗೆ ಬಂತು. ಅಲ್ಲಿ ನನ್ನ ಕಾಲು ಮುಂದೆ ಬರಲಿಲ್ಲ. ಮೊದಲೇ ಯೋಚಿಸಿದ್ದಲ್ಲ ವೈಜೂ, ದೇವರಾಣೆ. ಬಾಯಿಗೆ ಬಂತು:

"ಆವತ್ತು ಹೇಳೂದಿತ್ತಲ್ಲ, ಅದ್ನ ಈಗ ಹೇಳು."

ನೀನು ಹೇಳಿದೆ. "ವಿನುತಾ, ಆಯಿಗೆ ಸೀರಿಯಸ್ ಅಂತೆ. ಸಂದೀಪ ಕರೀತಾ ಇದ್ದ. ನಡಿ."

ರಂಜನಾ ಹೂವಿನ ಬುಟ್ಟಿಯನ್ನು ಪಕ್ಕದವಳಿಗೆ ಕೊಟ್ಟು ಕೈ ಚಾಚದೇ ಇದ್ದಿದ್ದರೆ ಆ ಗಡಿಗೆ ಏನಾಗುತ್ತಿತ್ತೋ! ನಾನು ಅವಳ ಕೈಗಿಟ್ಟು ತಿರುಗಿ ಓಡಿದೆ. ಹಿಂದೆ ನೀನು. ಹತ್ತುತ್ತಿದ್ದ ಜನರೆಲ್ಲ ಗೋಡೆಗೆ ಆನಿಸಿದ ಹಾಗೆ ಬದಿಗೆ ಸರಿದರು. "ಎಂತಾ ಆಯ್ತೇ, ಎಂತಾ ಆಯ್ತೇ" ಎನ್ನುವುದು ಬುಡದವರೆಗೂ ಬಂತು. ನಿನ್ನ ಹಿಮ್ಮಡಿಗೆ ಮುಳ್ಳು ಹೊಕ್ಕರೂ ನೀನು ನಿಲ್ಲಲಿಲ್ಲ. ಶ್ರಾದ್ಧಕ್ಕೆ ಕರೆದುಕೊಂಡು ಹೋಗಲು ಕಾರು ತಂದಿದ್ದ ಜಗದೀಶರು ನಮ್ಮ ಅವತಾರ ನೋಡಿ ಹೆದರಿಹೋದರು. "ಆಸ್ಪತ್ರೆಗೆ ಬಿಡಿ" ಎಂದೆ. ಯಾರಿಗೆ ಏನಾಯಿತು ಎಂದು ಕೇಳಿದರು. ನಾವಿಬ್ಬರೂ ಹಿಂದಿನ ಸೀಟಿಗೆ ಹತ್ತಿ ಬಾಗಿಲು ಹಾಕಿಕೊಂಡೆವು. ಅವರು ಕಾರು ಓಡಿಸಿದ್ದೂ ದಿನದ ವೇಗದಲ್ಲೇ, ಹೆಚ್ಚಿಲ್ಲ ಕಡಿಮೆಯಿಲ್ಲ. ಕಾರಿನಲ್ಲಿ ನೀನು ನನ್ನ ಕೈ ಹಿಡಿದದ್ದು ಇನ್ನೂ ನೋಯುತ್ತಿದೆ.

ಎರಡು ವರ್ಷ ನನ್ನನ್ನು ತಿಂದದ್ದು ಒಂದೇ ಪ್ರಶ್ನೆ. ಆಗಲೇ ಗೊತ್ತಾಗಿದ್ದರೆ ಆಯಿ ಸಿಗುತ್ತಿದ್ದಳೋ, ಇಲ್ಲವೋ. ಕೂತಲ್ಲಿ ಕೂತು ಸಾವಿರ ಸಲ ಲೆಕ್ಕ ಹಾಕಿದ್ದೆ. ಒಂದು ದಿನ ಸಿಗುತ್ತಿದ್ದಳು, ಇನ್ನೊಂದು ದಿನ ಸಿಗುತ್ತಿರಲಿಲ್ಲ.

ಆನೆಬಂಡೆಯಿಂದ ಗೇಟಿಗೆ ಎಪ್ಪತ್ತೆರಡು ನಿಮಿಷ. ಆವತ್ತು ಎಂಟು ಹತ್ತಕ್ಕೆ ಹೊರಟಿದ್ದರೆ ಒಂಬತ್ತು ಇಪ್ಪತ್ತೆರಡಕ್ಕೆ ಮುಟ್ಟುತ್ತಿದ್ದೆ. ಹದಿನೆಂಟು ನಿಮಿಷ ಉಳಿಯುತ್ತಿತ್ತು, ವೈಜೂ. ಆಯಿ ಸಿಗುತ್ತಿದ್ದಳು.

ಗೇಟಿನಲ್ಲಿ ಅದನ್ನು ಹೇಳಲು ನನ್ನಿಂದ ಆಗಲಿಲ್ಲ. ನೀನು ಕುಂಟುತ್ತಾ ಶಿರವಾಡಕ್ಕೆ ಬಂದೆ. ಶ್ರಾದ್ಧದ ಅಡುಗೆಗೆ ಕಾಯಿ ತುರಿದೆ. ಸಂದೀಪನ ಎದುರು ನಿಂತು, ಯಾರೂ ಕೇಳದಿದ್ದರೂ, "ಮೆಸೇಜು ಓದಿದ್ದು ನಾನು, ಹೇಳದೆ ಇದ್ದದ್ದೂ ನಾನು" ಎಂದೆ. ಸಂಜೆ ರಂಜನಾ ಗುಡ್ಡದಿಂದ ಉಪ್ಪು ಬಿದ್ದ ಪ್ರಸಾದ ತಂದುಕೊಟ್ಟಳು. ಎಲ್ಲರೂ ತಿಂದೆವು. ಅಷ್ಟೆಲ್ಲ ಆದ ಮೇಲೆ, "ಸಿಗುತ್ತಿರಲಿಲ್ಲ ಬಿಡು" ಎಂದು ನಿನಗೆ ಹೇಳಿಬಿಡಲೇ ಎಂದು ಮೂರು ದಿನ ಯೋಚಿಸಿದೆ. ನಿನಗೂ ಹಗುರ, ನನಗೂ ಹಗುರ. ನನ್ನನ್ನು ಬಿಟ್ಟು ಯಾರೂ ಗಡಿಯಾರ ನೋಡಿರಲಿಲ್ಲ.

ಆದರೆ ಒಬ್ಬರಿಗೊಬ್ಬರು ಹೇಳದೆ ಇಟ್ಟುಕೊಂಡದ್ದು ನಮಗೆ ಸಾಕು. ಅದಕ್ಕೇ ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದೇನೆ.

ಸಿಟ್ಟು ಹೋಗಿಲ್ಲ. ನಿನ್ನ ಮೇಲೂ ಇದೆ, ನನ್ನ ಮೇಲೂ ಇದೆ. ಶನಿವಾರ ನಿನ್ನ ಶಾಲೆ ಬೇಗ ಬಿಡುತ್ತದಲ್ಲ, ಬಸ್ಸು ಹತ್ತಿ ಕದ್ವಾಡಕ್ಕೆ ಬಾ. ಇನ್ನು ಸಿಟ್ಟು ಮಾಡುವುದಾದರೆ ನೀನು ಎದುರಿಗೆ ಕೂತಿರುವಾಗಲೇ ಮಾಡುತ್ತೇನೆ.

ನಿನ್ನ,
ವಿನುತಾ